ನಾಯಿಯನ್ನು ತರಬೇತಿಗೆ ಕಳಿಸುವ ಮುನ್ನ

ಸುಗ್ಗಿ ಮುಗಿದು ಹೊಲ ಬಯಲಾದ ಮೇಲೆ ದೇವದುರ್ಗದ ಕಡೆ ರಾತ್ರಿ ಹೊತ್ತು ಸಂಚರಿಸುವವರಿಗೆ ರಸ್ತೆಯಂಚಿನ ಹೊಲಗಳಲ್ಲಿ ಕುರಿ ಹಟ್ಟಿಗಳು ಕಾಣುತ್ತವೆ. ಹೊಲಕ್ಕೆ ಗೊಬ್ಬರವಾಗಲಿ ಎಂದು ರೈತರು ಕುರಿ ನಿಲ್ಲಿಸಿಕೊಂಡಿರುತ್ತಾರೆ. ಬಲೆಯೊಳಗೆ ನೂರಾರು ಕುರಿ, ಪಕ್ಕದಲ್ಲಿ ಕಂಬಳಿ ಹೊದ್ದ ಕುರಿಗಾರರು, ಅವರಿಂದಾಚೆ ಕತ್ತಲಲ್ಲಿ ಎರಡೋ ಮೂರೋ ನಾಯಿ. ಆ ನಾಯಿಗಳನ್ನು ಯಾರೂ ಶಾಲೆಗೆ ಕಳಿಸಿದವರಿಲ್ಲ. ಆದರೂ ಅವು ಮರಿಯ ಮೈಮೇಲೆ ಹಲ್ಲೂರುವುದಿಲ್ಲ. ಮಂದೆ ಬಿಟ್ಟು ದೂರ ಹೋಗುವುದಿಲ್ಲ. ಗುರುತಿಲ್ಲದ ಹೆಜ್ಜೆ ಸಪ್ಪಳ ಕೇಳಿದರೆ ಮಾತ್ರ ಎದ್ದು ನಿಲ್ಲುತ್ತವೆ.

ಅದೇ ಹೊತ್ತಿಗೆ ರಾಯಚೂರು ನಗರದ ಹೊಸ ಬಡಾವಣೆಯೊಂದರ ಮಾಳಿಗೆಯ ಮೇಲೆ ಜರ್ಮನ್ ಶೆಫರ್ಡ್ ನಾಯಿಯೊಂದು ಸರಪಳಿ ಜಗ್ಗುತ್ತಾ ಬೊಗಳುತ್ತಿರುತ್ತದೆ. ಹಾಲಿನವನು ಬಂದರೂ ಬೊಗಳುತ್ತದೆ, ಮನೆಯ ಅಳಿಯ ಬಂದರೂ ಬೊಗಳುತ್ತದೆ. ಕೆಳಗಿಳಿಸಿದರೆ ಮಕ್ಕಳ ಮೇಲೆ ಹಾರುತ್ತದೆ. ಬೀದಿಗೆ ಕರೆದೊಯ್ದರೆ ಹಿಡಿದವರನ್ನೇ ಎಳೆದುಕೊಂಡು ಹೋಗುತ್ತದೆ. ಒಂದು ವರ್ಷ ಹೀಗೆ ಕಳೆದ ಮೇಲೆ ಮನೆಯವರು ‘ಟ್ರೈನಿಂಗ್‌ಗೆ ಹಾಕೋಣ’ ಎಂಬ ತೀರ್ಮಾನಕ್ಕೆ ಬರುತ್ತಾರೆ.

ಈ ಎರಡು ನಾಯಿಗಳ ನಡುವಿನ ಅಂತರಕ್ಕೆ ತಳಿಯೊಂದೇ ಕಾರಣವಲ್ಲ. ಕುರಿಗಾರನ ಕುನ್ನಿ ಕಣ್ಣು ಬಿಟ್ಟಾಗಿನಿಂದ ಕುರಿಗಳ ನಡುವೆಯೇ ಹೊರಳಾಡಿ ಬೆಳೆದಿರುತ್ತದೆ. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡು–ಹದಿನಾಲ್ಕನೆಯ ವಾರದವರೆಗೆ ಕುನ್ನಿ ಏನನ್ನು ನೋಡುತ್ತದೆಯೋ, ಮೂಸುತ್ತದೆಯೋ, ಕೇಳುತ್ತದೆಯೋ ಅದನ್ನು ‘ನನ್ನದು, ಭಯವಿಲ್ಲ’ ಎಂದು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತದೆ ಎಂಬುದು ಪ್ರಾಣಿ ವರ್ತನೆಯ ಅಧ್ಯಯನಗಳು ಕಂಡುಕೊಂಡ ಮಾತು. ಕುರಿಗಾರರು ಇದನ್ನು ಪುಸ್ತಕವಿಲ್ಲದೆ ಪಾಲಿಸಿಕೊಂಡು ಬಂದಿದ್ದಾರೆ. ಮಾಳಿಗೆಯ ನಾಯಿಗಾದರೋ ಆ ಅಮೂಲ್ಯ ವಾರಗಳಲ್ಲಿ ಕಂಡದ್ದು ನಾಲ್ಕು ಗೋಡೆ ಮತ್ತು ಒಂದು ನೀರಿನ ಟ್ಯಾಂಕ್.

ಹಾಗಾಗಿ ತರಬೇತುದಾರರನ್ನು ಹುಡುಕುವ ಕೆಲಸ ನಾಯಿ ಕೆಟ್ಟ ಮೇಲೆ ಅಲ್ಲ, ನಾಯಿ ಮನೆಗೆ ಬಂದ ವಾರದಲ್ಲೇ ಆಗಬೇಕು. ಲಸಿಕೆಗಳೆಲ್ಲ ಮುಗಿಯಲಿ ಎಂದು ಕುನ್ನಿಯನ್ನು ನಾಲ್ಕು ತಿಂಗಳು ಮನೆಯೊಳಗೇ ಕೂಡಿಹಾಕುವ ಪದ್ಧತಿ ಬಹಳ ಕಡೆ ಇದೆ. ಅಮೆರಿಕದ ಪಶುವೈದ್ಯ ವರ್ತನಾ ತಜ್ಞರ ಸಂಘವು 2008ರಲ್ಲೇ ಇದಕ್ಕೆ ಬೇರೆ ದಾರಿ ತೋರಿತ್ತು: ಏಳೆಂಟು ವಾರದ ಕುನ್ನಿಗೆ ಮೊದಲ ಲಸಿಕೆ ಬಿದ್ದು ಕನಿಷ್ಠ ಏಳು ದಿನ ಕಳೆದ ಮೇಲೆ, ಸ್ವಚ್ಛವಾದ ಜಾಗದಲ್ಲಿ ಪಾಠ ಶುರು ಮಾಡಬಹುದು. ಪಾರ್ವೊ ರೋಗದ ಭಯ ಸುಳ್ಳಲ್ಲ. ಬೀದಿನಾಯಿಗಳು ಓಡಾಡುವ ತಿಪ್ಪೆಯ ಬಳಿ ಕುನ್ನಿಯನ್ನು ನೆಲಕ್ಕೆ ಬಿಡಬಾರದು. ಆದರೆ ಕಂಕುಳಲ್ಲಿ ಎತ್ತಿಕೊಂಡು ರಾಯಚೂರಿನ ತೀನ್ ಕಂದೀಲ್ ವೃತ್ತದ ಗದ್ದಲ, ಸ್ಟೇಷನ್ ರಸ್ತೆಯ ಆಟೊ ಹಾರ್ನ್, ಬುರ್ಖಾ ತೊಟ್ಟವರು, ಹೆಲ್ಮೆಟ್ ಹಾಕಿದವರು, ಕೋಲೂರಿ ನಡೆಯುವ ಹಿರಿಯರು ಎಲ್ಲವನ್ನೂ ತೋರಿಸಲು ಅಡ್ಡಿಯೇನಿಲ್ಲ. ಮೊಹರಂನ ಹಲಗೆ ಸದ್ದು, ದೀಪಾವಳಿಯ ಪಟಾಕಿ ಸದ್ದಿಗೆ ಮಂಚದ ಕೆಳಗೆ ನಡುಗುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ಈ ವಯಸ್ಸಿನಲ್ಲಿ ಸದ್ದಿನ ಪರಿಚಯ ಆಗಿರುವುದಿಲ್ಲ. ಮೊಬೈಲಿನಲ್ಲಿ ಸಣ್ಣ ದನಿಯಲ್ಲಿ ಹಲಗೆ ಸದ್ದು ಹಾಕಿ, ಜೊತೆಗೆ ತಿನ್ನಲು ಒಂದು ಚೂರು ಕೊಟ್ಟು, ದಿನದಿನಕ್ಕೆ ದನಿ ಏರಿಸುತ್ತಾ ಹೋಗುವುದು ಖರ್ಚಿಲ್ಲದ ಪಾಠ.

ಇನ್ನು ಆಯ್ಕೆಯ ಮಾತು. ರಾಯಚೂರಿಗೆ ಹೈದರಾಬಾದು ಸುಮಾರು ಇನ್ನೂರು ಕಿಲೋಮೀಟರ್, ಬೆಂಗಳೂರು ನಾನೂರರಷ್ಟು. ನಗರಗಳ ಕೆಲವು ಕೇಂದ್ರಗಳು ‘ಒಂದೆರಡು ತಿಂಗಳು ನಮ್ಮಲ್ಲಿ ಬಿಡಿ, ಕಲಿಸಿ ಕೊಡುತ್ತೇವೆ’ ಎನ್ನುತ್ತವೆ. ಕೇಳಲು ಹಿತವಾದ ಮಾತು. ನಾಯಿ ಗಾಡಿ ಹತ್ತಿ ಹೋಗುತ್ತದೆ, ವಾಪಸು ಬಂದಾಗ ಕೇಂದ್ರದ ಹುಡುಗ ಹೇಳಿದರೆ ಕೂರುತ್ತದೆ, ಮಲಗುತ್ತದೆ, ಕೈ ಕೊಡುತ್ತದೆ. ಅವನು ಗೇಟು ದಾಟಿದ ವಾರದೊಳಗೆ ಹಳೆಯ ನಾಯಿಯೇ ಮರಳುತ್ತದೆ. ಕಾರಣ ಸರಳ. ನಾಯಿ ಕಲಿತದ್ದು ಆ ಜಾಗದಲ್ಲಿ, ಆ ಮನುಷ್ಯನ ದನಿಗೆ. ಮನೆಯ ಅಂಗಳ, ಅಜ್ಜಿಯ ದನಿ, ಗೇಟಿನ ಬಳಿ ನಿಲ್ಲುವ ತರಕಾರಿ ಗಾಡಿ ಯಾವುದೂ ಆ ಪಾಠದಲ್ಲಿ ಇರಲಿಲ್ಲ.

ಸರ್ಕಾರದ ನಾಯಿಗಳ ವಿಷಯದಲ್ಲಿ ಈ ತಪ್ಪು ಮಾಡುವುದಿಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿ ಪೊಲೀಸ್ ನಾಯಿಗಳಿಗೆ ತರಬೇತಿ ನಡೆಯುವಾಗ ಅವನ್ನು ನೋಡಿಕೊಳ್ಳುವ ಸಿಬ್ಬಂದಿಯೂ ಜೊತೆಯಲ್ಲೇ ಕಲಿಯುತ್ತಾರೆ. 2020ರ ಜುಲೈನಲ್ಲಿ ದಾವಣಗೆರೆ ಪೊಲೀಸರ ‘ತುಂಗಾ’ ಎಂಬ ಡಾಬರ್‌ಮನ್ ಕೊಲೆ ಪ್ರಕರಣವೊಂದರಲ್ಲಿ ವಾಸನೆ ಹಿಡಿದು ಸುಮಾರು 12 ಕಿಲೋಮೀಟರ್ ಓಡಿ ಆರೋಪಿಯ ಜಾಡು ತೋರಿದ್ದು ನಾಡೆಲ್ಲ ಸುದ್ದಿಯಾಯಿತು. ಮೂಗು ನಾಯಿಯದು. ಆದರೆ ಅದು ಎಲ್ಲಿ ತಲೆ ಎತ್ತಿತು, ಎಲ್ಲಿ ಅನುಮಾನಿಸಿತು ಎಂಬುದನ್ನು ಓದಬಲ್ಲವರು ಜೊತೆಗೆ ಇಲ್ಲದಿದ್ದರೆ ಆ ಓಟಕ್ಕೆ ಅರ್ಥವಿರುತ್ತಿರಲಿಲ್ಲ. ಬಂಡೀಪುರದಲ್ಲಿ ಅರಣ್ಯ ಇಲಾಖೆಗೆ ದುಡಿದ ‘ರಾಣಾ’ ಎಂಬ ಜರ್ಮನ್ ಶೆಫರ್ಡ್ ಭೋಪಾಲಿನಲ್ಲಿ ತರಬೇತಾಗಿ ಬಂದದ್ದು. ಅಲ್ಲಿಯೂ ನಾಯಿ ಮತ್ತು ಅದರ ಪಾಲಕರು ಒಟ್ಟಿಗೇ ಕಲಿಯುವ ಕ್ರಮ.

ಹಾಗಿರುವಾಗ ಮನೆಯ ನಾಯಿಗೆ ಬೇಕಾದವರು ನಾಯಿಯನ್ನು ಕೊಂಡೊಯ್ಯುವವರಲ್ಲ, ಮನೆಗೆ ಬಂದು ಮನೆಮಂದಿಗೆ ಕಲಿಸುವವರು. ಮಾನ್ವಿಗೋ ದೇವದುರ್ಗಕ್ಕೋ ವಾರಕ್ಕೊಮ್ಮೆ ಬಂದುಹೋಗುವ ಒಬ್ಬ ಸಾಧಾರಣ ತರಬೇತುದಾರ ದೂರದ ಹೆಸರುವಾಸಿ ಕೇಂದ್ರಕ್ಕಿಂತ ಮೇಲು. ಅವರು ಮುಕ್ಕಾಲು ಗಂಟೆ ತೋರಿಸಿಕೊಡಲಿ, ಉಳಿದ ಆರು ದಿನ ದಿನಕ್ಕೆ ಮೂರು ಬಾರಿ, ಐದೈದು ನಿಮಿಷ ಮನೆಯವರೇ ಅಭ್ಯಾಸ ಮಾಡಿಸಲಿ. ಅಷ್ಟು ಬಿಡುವಿಲ್ಲದ ಮನೆಗೆ ಯಾವ ತರಬೇತುದಾರರಿಂದಲೂ ಉಪಕಾರವಾಗದು.

ನಾಯಿ ತರಬೇತುದಾರ ಎಂದು ಫಲಕ ಹಾಕಿಕೊಳ್ಳಲು ಭಾರತದಲ್ಲಿ ಸರ್ಕಾರದ ಪರವಾನಗಿ ಬೇಕಿಲ್ಲ. ನಾಯಿ ಸಾಕಿ ಮಾರುವವರಿಗೆ 2017ರ ನಿಯಮಗಳಿವೆ, ಪೆಟ್ ಶಾಪ್‌ಗಳಿಗೆ 2018ರ ನಿಯಮಗಳಿವೆ. ತರಬೇತುದಾರರಿಗೆ ಅಂಥದ್ದಿಲ್ಲ. ಆದ್ದರಿಂದ ಪರೀಕ್ಷಿಸುವ ಹೊಣೆ ಪೂರ್ತಿ ಮಾಲೀಕರ ಮೇಲೆ ಬೀಳುತ್ತದೆ. ಪ್ರಮಾಣಪತ್ರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು: ನಾಯಿ ತಪ್ಪು ಮಾಡಿದಾಗ ನೀವೇನು ಮಾಡುತ್ತೀರಿ? ಉತ್ತರದಲ್ಲಿ ‘ಜಗ್ಗುತ್ತೇವೆ’, ‘ಬುದ್ಧಿ ಕಲಿಸುತ್ತೇವೆ’, ‘ಯಾರು ಯಜಮಾನ ಅಂತ ತೋರಿಸುತ್ತೇವೆ’ ಎಂದು ಬಂದರೆ ಅಲ್ಲಿಗೇ ಮುಗಿಸುವುದು ಒಳ್ಳೆಯದು. ಪಾಠ ನಡೆಯುವಾಗ ಮನೆಯವರು ನಿಂತು ನೋಡಬಾರದು ಎನ್ನುವವರನ್ನೂ, ಹದಿನೈದು ದಿನಕ್ಕೆ ಗ್ಯಾರಂಟಿ ಕೊಡುವವರನ್ನೂ ನಂಬಬಾರದು. ಜೀವವಿರುವ ಪ್ರಾಣಿಯ ನಡತೆಗೆ ಯಾರೂ ಗ್ಯಾರಂಟಿ ಕೊಡಲಾರರು.

ಯಜಮಾನಿಕೆಯ ಈ ಮಾತಿನ ಮೂಲ ತೋಳಗಳ ಮೇಲಿನ ಹಳೆಯ ಅಧ್ಯಯನ. ಸ್ವಿಟ್ಜರ್ಲೆಂಡಿನ ರುಡಾಲ್ಫ್ ಶೆಂಕೆಲ್ 1947ರಲ್ಲಿ ಸೆರೆಯಲ್ಲಿದ್ದ ತೋಳಗಳನ್ನು ನೋಡಿ ಬರೆದದ್ದು ಅದು. ಅಮೆರಿಕದ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಅದನ್ನು ಜನಪ್ರಿಯಗೊಳಿಸಿದರು. ಮುಂದೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಗಮನಿಸಿದ ಅವರೇ, ತೋಳದ ಹಿಂಡೆಂದರೆ ತಂದೆ ತಾಯಿ ಮಕ್ಕಳ ಸಂಸಾರ, ಅಲ್ಲಿ ಯಜಮಾನಿಕೆಗೆ ನಿತ್ಯ ಕಾದಾಟವಿಲ್ಲ ಎಂದು 1999ರಲ್ಲಿ ಬರೆದು ಹಳೆಯ ಮಾತನ್ನು ತಿದ್ದಿದರು. ತಿದ್ದುಪಡಿ ಬಂದು ಕಾಲು ಶತಮಾನ ಕಳೆದರೂ ನಾಯಿಯನ್ನು ಅಂಗಾತ ಕೆಡವಿ ಗಂಟಲು ಒತ್ತುವುದನ್ನು ಪಾಠವೆಂದು ಕರೆಯುವವರು ಇದ್ದಾರೆ. 2020ರಲ್ಲಿ ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ನಡೆದ ಅಧ್ಯಯನವು ಶಿಕ್ಷೆಯಿಂದ ಕಲಿಸುವ ಶಾಲೆಗಳ ನಾಯಿಗಳಲ್ಲಿ ಒತ್ತಡದ ಲಕ್ಷಣಗಳೂ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನಿನ ಅಂಶವೂ ಹೆಚ್ಚಿರುವುದನ್ನು ಕಂಡಿತು. ವಿದ್ಯುತ್ ಆಘಾತದ ಕಾಲರನ್ನು ವೇಲ್ಸ್ 2010ರಲ್ಲೇ ನಿಷೇಧಿಸಿದೆ. ಭಾರತದಲ್ಲಿ ಅಂಥ ಕಾಲರ್ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು.

ಕೊರಳ ಪಟ್ಟಿಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಹಿಮಾಲಯದ ಗದ್ದಿ ಕುರಿಗಾಹಿಗಳು ತಮ್ಮ ನಾಯಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟುತ್ತಾರೆ. ಮುಳ್ಳು ಹೊರಮುಖವಾಗಿರುತ್ತದೆ, ಚಿರತೆ ಬಾಯಿ ಹಾಕಿದರೆ ಗಂಟಲು ಉಳಿಯಲಿ ಎಂದು. ಅಂಗಡಿಯಲ್ಲಿ ತರಬೇತಿಗೆಂದು ಮಾರುವ ಪ್ರಾಂಗ್ ಕಾಲರಿನ ಮುಳ್ಳು ಒಳಮುಖ.

ತಳಿಯ ತಿಳಿವಳಿಕೆಯೂ ತರಬೇತುದಾರರಿಗೆ ಇರಬೇಕು. ಈ ಭಾಗದಲ್ಲಿ ಮುಧೋಳ ನಾಯಿ ತರುವವರು ಹೆಚ್ಚು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದ್ದು, ಅಲ್ಲಿನ ಮರಿಗಳು 2016ರಲ್ಲಿ ಸೇನೆಯ ತರಬೇತಿಗೆ ಮೀರತ್‌ಗೆ ಹೋದ ಮೇಲೆ ಬೇಡಿಕೆ ಮತ್ತಷ್ಟು ಏರಿತು. ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ. ಓಡುವುದೇನಾದರೂ ಕಂಡರೆ ಅದರ ಹಿಂದೆ ಹೋಗುವುದು ಅದರ ರಕ್ತದಲ್ಲಿದೆ. ಲ್ಯಾಬ್ರಡಾರ್ ಹಾಗೆ ತುತ್ತಿನಾಸೆಗೆ ಎಲ್ಲವನ್ನೂ ಮಾಡುವ ಜಾತಿಯಲ್ಲ, ಗದರಿದರೆ ಮುದುಡಿಕೊಳ್ಳುತ್ತದೆ. ಅದಕ್ಕೆ ಬೇಕಾದ್ದು ಬೇಲಿಯಿರುವ ಬಯಲು, ದಿನವೂ ಓಟ, ಮೆಲುದನಿ. ಇದು ಗೊತ್ತಿಲ್ಲದವರು ‘ಮುಧೋಳ ಹೇಳಿದ ಮಾತು ಕೇಳುವುದಿಲ್ಲ’ ಎಂದುಬಿಡುತ್ತಾರೆ.

ತರಬೇತುದಾರರು ಬರುವ ಮುನ್ನ ಮನೆಯಲ್ಲಿ ಆಗಬೇಕಾದ ಸಿದ್ಧತೆ ಹೆಚ್ಚಿನವರು ಮರೆಯುವ ಭಾಗ. ಮೊದಲ ಭೇಟಿ ಪಶುವೈದ್ಯರಲ್ಲಿಗೆ. ಕಿವಿಯೊಳಗೆ ಕೀವಾಗಿರುವ ನಾಯಿ ತಲೆ ಮುಟ್ಟಿದರೆ ಕಚ್ಚಲು ಬರುತ್ತದೆ. ಉಣ್ಣಿ ಜ್ವರವಿರುವ ನಾಯಿ ಕರೆದರೆ ಏಳುವುದಿಲ್ಲ. ನೋವನ್ನು ಹಟವೆಂದು ತಿಳಿದು ಹೊಡೆದವರೆಷ್ಟೋ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಆಮೇಲೆ ವೈದ್ಯರು ಹೇಳಿದ ಅವಧಿಗೆ ಮತ್ತೆ, ಆ ಕಾರ್ಡು ತರಬೇತುದಾರರು ಕೇಳುವ ಮೊದಲೇ ಕೈಯಲ್ಲಿರಬೇಕು. ಕೇಳದ ತರಬೇತುದಾರ ಬೇರೆ ನಾಯಿಗಳ ಸೋಂಕನ್ನು ಹೊತ್ತು ತರಬಹುದು ಎಂಬ ಎಚ್ಚರವೂ ಇರಲಿ.

ಎರಡನೆಯದು ಭಾಷೆ. ರಾಯಚೂರಿನ ಮನೆಯಲ್ಲಿ ಕನ್ನಡ, ತೆಲುಗು, ಉರ್ದು ಒಂದೇ ಪಡಸಾಲೆಯಲ್ಲಿ ಓಡಾಡುತ್ತವೆ. ಮಗ ‘ಸಿಟ್’ ಅನ್ನುತ್ತಾನೆ, ಅಜ್ಜ ‘ಕೂಡು’ ಅನ್ನುತ್ತಾರೆ, ಕೆಲಸಕ್ಕೆ ಬರುವಾಕೆ ‘ಬೈಠ್’ ಅನ್ನುತ್ತಾಳೆ. ನಾಯಿಗೆ ಇವು ಮೂರು ಬೇರೆ ಸದ್ದು. ಯಾವ ಭಾಷೆ ಎಂಬುದು ನಾಯಿಗೆ ಲೆಕ್ಕವಿಲ್ಲ, ಒಂದೇ ಸದ್ದು ಎಂಬುದು ಲೆಕ್ಕ. ಹಿರಿಯರ ನಾಲಿಗೆಗೆ ಹೊರಳುವ ಐದಾರು ಪದ ಆರಿಸಿ, ಕೂಡು, ಬಾ, ನಿಲ್ಲು, ಬಿಡು ಎಂದು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವುದು ಮೊದಲ ದಿನದ ಕೆಲಸ. ಇಂಗ್ಲಿಷಿನಲ್ಲೇ ಹೇಳಬೇಕು ಎಂದು ಪಟ್ಟು ಹಿಡಿಯುವ ತರಬೇತುದಾರರಿಗೆ ಮನೆಯ ಅಜ್ಜಿಯನ್ನು ತೋರಿಸಬೇಕು. ದಿನದ ಎಂಟು ಗಂಟೆ ನಾಯಿಯ ಜೊತೆ ಇರುವವರು ಅವರೇ.

ಕೊಡುವ ತಿನಿಸು ದಿನದ ಊಟಕ್ಕಿಂತ ಬೇರೆ ಇರಬೇಕು. ನಿತ್ಯ ಜೋಳದ ರೊಟ್ಟಿ ಮಜ್ಜಿಗೆ ಉಣ್ಣುವ ನಾಯಿ ರೊಟ್ಟಿ ಚೂರಿಗೆ ಕಷ್ಟಪಡುವುದಿಲ್ಲ. ಬೇಯಿಸಿದ ಕೋಳಿಯ ಕಡಲೆ ಗಾತ್ರದ ಚೂರು ಸಾಕು. ಮಾಂಸ ತರದ ಮನೆಯಲ್ಲಿ ಪನೀರ್ ಆದೀತು. ದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ವಿಷ.

ರಾಯಚೂರಿನ ಬಿಸಿಲನ್ನು ತಿಳಿಯದ ತರಬೇತುದಾರರು ಇಲ್ಲಿಗೆ ಒಗ್ಗುವುದಿಲ್ಲ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ 40 ಡಿಗ್ರಿ ದಾಟುವ ಊರಿದು. ನಾಯಿ ಮೈಯಿಂದ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕುವುದೊಂದೇ ಅದಕ್ಕಿರುವ ಮುಖ್ಯ ದಾರಿ. ಅಂಗೈ ಹಿಂಬದಿಯನ್ನು ಡಾಂಬರಿನ ಮೇಲೆ ಏಳು ಸೆಕೆಂಡು ಇಡಲಾಗದಿದ್ದರೆ ಅಲ್ಲಿ ನಾಯಿಯನ್ನು ನಡೆಸಬಾರದು. ಬೇಸಿಗೆಯಲ್ಲಿ ಪಾಠ ಬೆಳಿಗ್ಗೆ ಏಳರೊಳಗೆ, ಇಲ್ಲವೇ ಕತ್ತಲಾಗಿ ನೆಲ ತಣಿದ ಮೇಲೆ. ‘ನಾಲ್ಕು ಗಂಟೆಗೆ ಬರುತ್ತೇನೆ’ ಎನ್ನುವವರಿಗೆ ಬೇಡ ಎನ್ನಬೇಕು.

ಕಾನೂನು ಕೂಡ ಮಾಲೀಕರ ಕಡೆಗೇ ಬೆರಳು ತೋರುತ್ತದೆ. ನಿರ್ಲಕ್ಷ್ಯದಿಂದ ಸಾಕುಪ್ರಾಣಿ ಇನ್ನೊಬ್ಬರ ಜೀವಕ್ಕೆ ಅಪಾಯವಾದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೆಚ್ಚು ಜನಕ್ಕೆ ತಿಳಿಯದ ಇನ್ನೊಂದು ಮಾತು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿದೆ. ಸದಾ ಸರಪಳಿಯಲ್ಲೋ ಇಕ್ಕಟ್ಟಿನಲ್ಲೋ ಇಡುವ ನಾಯಿಗೆ ತಕ್ಕಷ್ಟು ಅಡ್ಡಾಟ ಕೊಡದಿರುವುದೇ ಅಲ್ಲಿ ಅಪರಾಧ. ಮಾಳಿಗೆಯ ಮೇಲೆ ಬೊಗಳುವ ನಾಯಿ ಆ ಕಲಮಿನ ಜೀವಂತ ಸಾಕ್ಷಿ.

ಈ ನೆಲಕ್ಕೆ ನಾಯಿ ಹೊಸದಲ್ಲ. ರಾಯಚೂರು ತಾಲ್ಲೂಕಿನ ಕೃಷ್ಣಾ ನಡುಗಡ್ಡೆ ಕುರುವಪುರಕ್ಕೆ ತೆಪ್ಪದಲ್ಲಿ ಹೋಗುವ ಭಕ್ತರು ದತ್ತನ ಪಟದಲ್ಲಿ ನಾಲ್ಕು ನಾಯಿಗಳಿಗೂ ಕೈ ಮುಗಿಯುತ್ತಾರೆ. ಮದ್ದೂರು ತಾಲ್ಲೂಕಿನ ಆತಕೂರಿನ ಹತ್ತನೆಯ ಶತಮಾನದ ವೀರಗಲ್ಲು, ಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ನಾಯಿಯದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು, ಏನು ಬೇಕು ಕೇಳು ಎಂದು ಅರಸ ಹೇಳಿದಾಗ, ಆ ನಾಯಿಯನ್ನೇ ಬೇಡಿ ಪಡೆದಿದ್ದ. ಇಷ್ಟು ಹಳೆಯ ನಂಟಿರುವ ನಾಡಿನಲ್ಲಿ ಕುನ್ನಿಗೆ ಮೊದಲ ಪಾಠ ಹೇಳಿಸಲು ದೂರದ ಮಹಾನಗರಗಳತ್ತ ನೋಡಬೇಕಾಗಿರುವುದು ಸರಿಯಲ್ಲ.

ಪ್ರತಿವರ್ಷ ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕಾ ಶಿಬಿರ ನಡೆಯುತ್ತದೆ. ರಾಯಚೂರು, ಮಾನ್ವಿ, ದೇವದುರ್ಗದ ಜನ ತಮ್ಮ ನಾಯಿಗಳೊಡನೆ ಸಾಲು ನಿಲ್ಲುವ ದಿನ ಅದು. ಸೂಜಿ ಹಾಕಿಸಿದ ಮೇಲೆ ಅದೇ ಆವರಣದ ಬೇವಿನ ನೆರಳಲ್ಲಿ ಅರ್ಧ ಗಂಟೆ, ನಿವೃತ್ತ ಪೊಲೀಸ್ ಶ್ವಾನದಳದವರೊಬ್ಬರು ಬೆಲ್ಟ್ ಹಿಡಿಯುವುದು ಹೇಗೆ, ‘ಬಾ’ ಎಂದು ಕರೆಯುವುದು ಹೇಗೆ ಎಂದು ಮನೆಮಂದಿಗೆ ತೋರಿಸಿಕೊಡುವ ಏರ್ಪಾಡನ್ನು ಪಶುಪಾಲನಾ ಇಲಾಖೆ ಈ ವರ್ಷದಿಂದಲೇ ಮಾಡಬಹುದು. ಜಾಗವಿದೆ, ವೈದ್ಯರಿದ್ದಾರೆ, ನಾಯಿಗಳು ಹೇಗೂ ಬಂದಿರುತ್ತವೆ.