ನಕ್ಷತ್ರ ನೋಡಿ ಬಿತ್ತುವುದೋ, ನೆಲ ನೋಡಿ ಬಿತ್ತುವುದೋ?

ಮೇ 25ರ ಸುಮಾರಿಗೆ ರೋಹಿಣಿ ಮಳೆ ಆರಂಭವಾಗುತ್ತದೆ. "ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ" ಎಂಬ ಗಾದೆ ಊರಕಟ್ಟೆಗಳ ಮೇಲೆ ಮತ್ತೆ ಕೇಳಿಬರುವ ಕಾಲ. ಈ ಮಾತನ್ನು ನಂಬಿ, ಮೊದಲ ಹನಿಗೇ ಕೂರಿಗೆ ಹೂಡಿದವರ ಹೊಲಗಳನ್ನು ನಾವು ಕಂಡಿದ್ದೇವೆ. ಬೀಜ ಮೊಳೆಯಿತು, ಮಳೆ ಹದಿನೈದು ದಿನ ಮುಖ ತೋರಿಸಲಿಲ್ಲ, ಸಸಿ ಸುರುಟಿತು. ಎರಡನೆಯ ಸಲದ ಬೀಜಕ್ಕೆ ಸಾಲ ಮಾಡಬೇಕಾಯಿತು. ಹಾಗಾದರೆ ಗಾದೆ ಸುಳ್ಳೆ?

ಸುಳ್ಳಲ್ಲ. ಅದು ಮುಂಗಾರಿ ಜೋಳ ಬೆಳೆಯುವ ಸೀಮೆಯ ಮಾತು. ವಿಜಯಪುರದ ಕಡೆಯ ಎರೆ ಭೂಮಿಯಲ್ಲಿ ಹಿಂಗಾರಿ ಜೋಳ ಬಿತ್ತುವುದು ಉತ್ತರೆ, ಹಸ್ತ ಮಳೆಗಳಲ್ಲಿ; ಎಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ 10ರ ತನಕ. ಒಂದು ಸೀಮೆಯ ಗಾದೆ ಇನ್ನೊಂದು ಸೀಮೆಗೆ ಸಲ್ಲದು.

ಇನ್ನೊಂದು ಸಂಗತಿಯೂ ಉಂಟು. ಮಳೆ ನಕ್ಷತ್ರಗಳು ಸೂರ್ಯನ ನಡೆಯ ಲೆಕ್ಕ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಪಂಚಾಂಗದ ಈ ಲೆಕ್ಕ ಋತುಮಾನಕ್ಕಿಂತ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಮುಂದಕ್ಕೆ ಸರಿಯುತ್ತದೆ. ಐದುನೂರು ವರ್ಷಕ್ಕೆ ಒಂದು ವಾರವಾಯಿತು. ಅಜ್ಜನ ಅಜ್ಜ ಕಂಡ ರೋಹಿಣಿಯೂ ನಮ್ಮ ರೋಹಿಣಿಯೂ ಕರಾರುವಾಕ್ಕಾಗಿ ಒಂದೇ ಅಲ್ಲ.

ಆದರೆ ಸರಿಯದೆ ನಿಂತ ಗಾದೆಯೊಂದಿದೆ: "ಹದ ಬಂದಾಗ ಹರಗು, ಬೆದೆ ಬಂದಾಗ ಬಿತ್ತು." ಇದರಲ್ಲಿ ನಕ್ಷತ್ರವಿಲ್ಲ, ತಾರೀಖಿಲ್ಲ, ಸೀಮೆಯಿಲ್ಲ, ನೆಲ ಮಾತ್ರ ಇದೆ. ಮಳೆ ನಿಂತು ಮೇಲ್ಮಣ್ಣು ಬಿಳುಪೇರಿದಾಗ ಕುಂಟೆ ಹೊಡೆದರೆ ಮೇಲಿನ ಒಂದೆರಡು ಅಂಗುಲ ಪುಡಿಯಾಗಿ ಕೆಳಗಿನ ತೇವಕ್ಕೆ ಹೊದಿಕೆಯಾಗುತ್ತದೆ. ಹುಟ್ಟುತ್ತಿರುವ ಕಳೆಯೂ ಸಾಯುತ್ತದೆ. ಹಸಿಯಲ್ಲೇ ಹೊಡೆದರೆ ಮಣ್ಣು ಕುಂಟೆಗೆ ಮೆತ್ತಿ ಹೆಂಟೆಯಾಗುತ್ತದೆ. ತಡಮಾಡಿದರೆ ನೆಲ ಬಿರಿದು ತೇವವೆಲ್ಲ ಆರಿಹೋಗುತ್ತದೆ. ಎರೆ ಭೂಮಿಯಲ್ಲಿ ಈ ಹದ ಎರಡು ಮೂರು ದಿನ ನಿಂತರೆ ಹೆಚ್ಚು. ಕೃಷಿ ಕಾಲೇಜಿನಲ್ಲಿ ಇದನ್ನು ನಮಗೆ ಇಡೀ ಒಂದು ಪಾಠವಾಗಿ ಹೇಳಿಕೊಟ್ಟರು. ಗಾದೆ ಮೂರು ಮಾತಿನಲ್ಲಿ ಮುಗಿಸಿದೆ!

ಬೆದೆ ನೋಡುವುದೂ ಕಷ್ಟವಲ್ಲ. ನಾಲ್ಕು ಅಂಗುಲ ಆಳದ ಮಣ್ಣನ್ನು ಹಿಡಿಯಲ್ಲಿ ಒತ್ತಿ, ಸೊಂಟದ ಎತ್ತರದಿಂದ ಕೆಳಗೆ ಬಿಡಿ. ಉಂಡೆಯೇ ಕಟ್ಟದಿದ್ದರೆ ತೇವ ಸಾಲದು. ಬಿದ್ದು ಚಪ್ಪಟೆಯಾದರೆ ಇನ್ನೂ ಕಾಯಬೇಕು. ಉಂಡೆ ಕಟ್ಟಿ, ಬಿದ್ದೊಡನೆ ಉದುರಿದರೆ ಕೂರಿಗೆ ಹೂಡಬಹುದು. ಆದರೆ ನೆಲ ಒಂದು ಗೇಣಾದರೂ ನೆನೆದಿರಬೇಕು.

ವಾಚನಾಲಯಗಳಲ್ಲಿ ಈ ಸಲ ಒಂದು ನೋಟ್‌ಪುಸ್ತಕ ಇಡಿ. ಊರಿನ ಹಿರಿಯರಿಂದ ಮಳೆಯ ಗಾದೆಗಳನ್ನು ಕೇಳಿ ಎಡಗಡೆ ಬರೆಯಿರಿ. ಯಾವ ಮಣ್ಣಿಗೆ, ಯಾವ ಬೆಳೆಗೆ ಹೇಳಿದ ಗಾದೆ ಎಂಬುದನ್ನೂ ಕೇಳಲು ಮರೆಯಬೇಡಿ. ಬಲಗಡೆ ಈ ವರ್ಷ ಯಾವ ತಾರೀಖಿಗೆ ಮಳೆ ಬಂತು, ನೆಲ ಎಷ್ಟು ನೆನೆಯಿತು ಎಂದು ಬರೆಯಿರಿ. ಮಳೆಮಾಪಕ ಇಲ್ಲದಿದ್ದರೆ ಗೇಣಿನ ಲೆಕ್ಕವೇ ಸಾಕು.