ಮುಳುಗಿದ ಕಾಡಿಗೆ ಬದಲೇನು?



ಕುರುಂದವಾಡದ ಬಳಿ ಪಂಚಗಂಗೆ ಕೃಷ್ಣೆಯನ್ನು ಕೂಡುತ್ತದೆ. ಆ ಸಂಗಮದಲ್ಲಿ ಕೊಯ್ನಾ, ವಾರಣಾ, ರಾಧಾನಗರಿ ಈ ಮೂರು ಅಣೆಕಟ್ಟುಗಳ ನೀರೂ ಇದೆ. ಈ ಸೀಮೆಯ ಕಬ್ಬು ಅದರಿಂದಲೇ ಹಸಿರು. ಆದರೆ ಆ ನೀರನ್ನು ತಡೆದು ನಿಲ್ಲಿಸುವಾಗ ಸಹ್ಯಾದ್ರಿಯ ಕಣಿವೆಗಳಲ್ಲಿ ಕಾಡೂ ಮುಳುಗಿತು, ಊರೂ ಮುಳುಗಿತು.

ಉಳಿದ ಕಾಡನ್ನಾದರೂ ಕಾಯಬೇಕೆಂದು 1958ರಲ್ಲಿ ದಾಜಿಪುರದಲ್ಲಿ ಕಾಡುಕೋಣಗಳಿಗೆ ಅಭಯಾರಣ್ಯವಾಯಿತು. 1985ರಲ್ಲಿ ಕೊಯ್ನಾ, ಚಾಂದೋಲಿ ಅಭಯಾರಣ್ಯಗಳಾದವು. 2010ರಲ್ಲಿ ಅವೆರಡೂ ಸೇರಿ ಸಹ್ಯಾದ್ರಿ ಹುಲಿ ಮೀಸಲು ಪ್ರದೇಶವಾಯಿತು. ಚಾಂದೋಲಿಯಲ್ಲಿ ಜನ ಬಿಟ್ಟುಹೋದ ಹೊಲಗಳು ಇಂದು ಹುಲ್ಲುಗಾವಲು. ಅಲ್ಲಿ ಕಾಡುಕೋಣ, ಕಡವೆ ಮೇಯುತ್ತವೆ. ಸಂತೋಷ. ಆದರೆ ಆ ಹುಲ್ಲಿನ ಅಡಿಯಲ್ಲಿ ಬಡವರ ಒಲೆಗಲ್ಲುಗಳಿವೆ ಎಂಬುದನ್ನು ಮರೆಯಬಾರದು. ಕೊಯ್ನಾ ಕಟ್ಟೆ ಕಟ್ಟಿ ಐವತ್ತು ವರ್ಷ ಕಳೆದ ಮೇಲೂ ಸಂತ್ರಸ್ತರು ಜಮೀನಿಗಾಗಿ ಧರಣಿ ಕೂರಬೇಕಾಯಿತು. ಮೃಗಕ್ಕೆ ನೆಲೆ ಕೊಡುವವರು ಮನುಷ್ಯನ ನೆಲೆ ಕಸಿದು ಸುಮ್ಮನಿರುವುದು ನ್ಯಾಯವಲ್ಲ.

ಇನ್ನೊಂದು ಮಾತು. 1980ರ ಅರಣ್ಯ ಕಾಯಿದೆ ಬಂದ ಮೇಲೆ ಕಟ್ಟೆಗೋ ರಸ್ತೆಗೋ ಕಾಡು ಕೊಟ್ಟರೆ ಬದಲಿಗೆ ಬೇರೆಡೆ ಗಿಡ ನೆಡಿಸುವ ಪದ್ಧತಿ ಬಂತು. ಅದರ ಹಣಕ್ಕೆಂದೇ 2016ರಲ್ಲಿ ಪ್ರತ್ಯೇಕ ಕಾಯಿದೆಯೂ ಆಯಿತು. ಆದರೆ ನೆಟ್ಟದ್ದೆಲ್ಲ ಕಾಡಾಗುತ್ತದೆಯೇ? ತೋಟದ ಲೈನಿನಲ್ಲಿ ಬಾಳುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಸಿಲ್ವರ್ ಓಕ್ ಸಾಲಿನಲ್ಲಿ ಮೆಣಸಿನ ಬಳ್ಳಿ ಹಬ್ಬೀತು, ಮಂಗಟ್ಟೆ ಹಕ್ಕಿ ಗೂಡು ಮಾಡದು. ಅದಕ್ಕೆ ಹಳೆಯ ಮರದ ಪೊಟರೆ ಬೇಕು, ಅತ್ತಿಹಣ್ಣು ಬೇಕು. ಮುಳುಗಿದ್ದು ಯಾವ ಮರವೋ ಅದೇ ಜಾತಿಯನ್ನು ನೆಡಬೇಕು. ಬೇರೂರುವ ತನಕ ಕಾಯಬೇಕು.

ಕಾದರೆ ಆಗುತ್ತದೆ. ಸಾಂಗ್ಲಿ ಜಿಲ್ಲೆಯ ಸಾಗರೇಶ್ವರದ ಬೋಳುಗುಡ್ಡಗಳಲ್ಲಿ ಧೋಂ. ಮ. ಮೋಹಿತೆಯವರು ಜನರನ್ನು ಕೂಡಿಸಿ ಗಿಡ ಬೆಳೆಸಿದರು. ಸುಮಾರು 11 ಚದರ ಕಿಲೋಮೀಟರಿನ ಆ ನೆಲ ಇಂದು ಜಿಂಕೆಗಳ ಅಭಯಾರಣ್ಯ. ಮನುಷ್ಯನ ಕೈ ಕಡಿಯುವುದನ್ನಷ್ಟೇ ಅಲ್ಲ, ಕಟ್ಟುವುದನ್ನೂ ಬಲ್ಲದು.

ಆದ್ದರಿಂದ ನಿಮ್ಮ ಊರ ಬಳಿ ರಸ್ತೆಗೋ ಕಟ್ಟೆಗೋ ಮರ ಕಡಿದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ಮೂರು ಮಾತು ಕೇಳಿರಿ: ಬದಲಿಗೆ ಎಲ್ಲಿ ನೆಡುತ್ತೀರಿ? ಯಾವ ಗಿಡ ನೆಡುತ್ತೀರಿ? ನೆಲೆ ಕಳೆದುಕೊಂಡವರಿಗೆ ಜಮೀನು ಯಾವಾಗ? ಸಸಿಮಡಿ, ಕಳೆ, ಕಾವಲಿನ ಕೆಲಸ ಸ್ಥಳೀಯರಿಗೇ ಸಿಗಲಿ, ನ್ಯಾಯವಾದ ಕೂಲಿಯೊಡನೆ. ನೆಟ್ಟ ಕೈಗೆ ಅನ್ನವಿದ್ದರೆ ನೆಟ್ಟ ಗಿಡಕ್ಕೂ ಉಳಿವುಂಟು.