ಪುಕ್ಕಟೆ ಪಾಠಕ್ಕೆ ಜೆರಾಕ್ಸಿನ ದುಡ್ಡು ಯಾರದ್ದು?

ಜೂನ್ ತಿಂಗಳು ಬಂತೆಂದರೆ ಕುಂದಾಪುರದ ಶಾಸ್ತ್ರಿ ಸರ್ಕಲಿನ ಸುತ್ತಿನ ಜೆರಾಕ್ಸ್ ಅಂಗಡಿಗಳಲ್ಲಿ ಕೊಡೆ ಮಡಚಿ ಇಡಲಿಕ್ಕೂ ಜಾಗ ಇರುವುದಿಲ್ಲ. ಜಾತಿ ಸರ್ಟಿಫಿಕೇಟು, ಆಧಾರ್, ಆರ್‌ಟಿಸಿ, ಬ್ಯಾಂಕಿನ ಪಾಸ್‌ಬುಕ್ಕು, ಎಲ್ಲದಕ್ಕೂ ನಕಲು ಬೇಕು. ಈ ಗದ್ದಲದ ನಡುವೆ ಒಬ್ಬ ಮಾಸ್ತರೋ ಟೀಚರೋ ಮೊಬೈಲು ಮುಂದೆ ಹಿಡಿದು, ‘ಇದರದ್ದು ಇಪ್ಪತ್ತು ಪ್ರತಿ ಹಾಕಿ’ ಎನ್ನುವುದುಂಟು. ಹಾಳೆಯಲ್ಲಿ ಇರುವುದು ಲೆಕ್ಕವೋ, ಚಿತ್ರ ನೋಡಿ ಹೆಸರು ಬರೆಯುವ ಅಭ್ಯಾಸವೋ. ನೋಟು ಬರುವುದು ಅವರದ್ದೇ ಕಿಸೆಯಿಂದ. ಬೈಂದೂರಿನಲ್ಲೂ ಇದೇ, ಬ್ರಹ್ಮಾವರದಲ್ಲೂ ಇದೇ. ಅಂಗಡಿಯವರಿಗೆ ಗೊತ್ತುಂಟು, ಇಲಾಖೆಯ ಕಡತಕ್ಕೆ ಗೊತ್ತಿಲ್ಲ.

ಆ ಹಾಳೆ ಮೊಬೈಲಿಗೆ ಎಲ್ಲಿಂದ ಬಂತು? ಅದರ ಹಿಂದೆ ಒಂದು ಕತೆ ಉಂಟು.

2013ರಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯನ್ನು ಕೂಡಿಕೊಂಡು ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಉಗ್ರಾಣವೊಂದನ್ನು ತೆರೆಯಿತು. ಹೆಸರು ಬಾಯಿಗೆ ದೊಡ್ಡದಾಯಿತು, ಕೆಲಸ ಸಸಾರದ್ದು. ಸರಕಾರಿ ಹೈಸ್ಕೂಲಿನ ಗಣಿತ, ವಿಜ್ಞಾನ, ಸಮಾಜದ ಮಾಸ್ತರುಗಳು ತಮ್ಮ ಪಾಠ, ಚಟುವಟಿಕೆ, ಪ್ರಶ್ನೆ, ಚಿತ್ರಗಳನ್ನು ತಾವೇ ಬರೆದು ಅಲ್ಲಿ ಹಾಕುವುದು, ಬೇಕಾದವರು ತೆಗೆದುಕೊಳ್ಳುವುದು, ತಪ್ಪಿದ್ದರೆ ತಿದ್ದುವುದು. ಅದೇ 2013ರಲ್ಲಿ ಕೇಂದ್ರದವರೂ ರಾಷ್ಟ್ರಮಟ್ಟದ ಒಂದು ಉಗ್ರಾಣ ತೆರೆದರು. 2017ರಲ್ಲಿ ‘ದೀಕ್ಷಾ’ ಬಂತು. ಈಗ ಪಠ್ಯಪುಸ್ತಕದ ಪುಟದಲ್ಲಿ ಕಾಣುವ ಕಪ್ಪು ಚುಕ್ಕಿಗಳ ಚೌಕವಿದೆಯಲ್ಲ, ಅಂಗಡಿಗಳಲ್ಲಿ ದುಡ್ಡು ಕಟ್ಟಲು ಅಂಟಿಸಿದ ಕ್ಯೂಆರ್ ಕೋಡಿನಂಥದ್ದೇ, ಅದಕ್ಕೆ ಮೊಬೈಲು ಹಿಡಿದರೆ ಪಾಠ ತೆರೆದುಕೊಳ್ಳುತ್ತದೆ.

ಹೆಚ್ಚಿನವರು ತಿಳಿದದ್ದು ಇಷ್ಟೇ: ಇದು ಪುಕ್ಕಟೆ. ಆದರೆ ಪುಕ್ಕಟೆ ಬೇರೆ, ಮುಕ್ತ ಬೇರೆ. ದೇವಸ್ಥಾನದ ಊಟ ಪುಕ್ಕಟೆ. ಹಾಗೆಂದು ಅಡುಗೆ ಕೋಣೆಗೆ ನುಗ್ಗಿ ಸಾಂಬಾರಿಗೆ ನಮ್ಮ ರುಚಿಗೆ ಉಪ್ಪು ಹಾಕಲಿಕ್ಕೆ ಬಿಡುತ್ತಾರೆಯೇ? ಮುಕ್ತ ಎಂದರೆ ಅಡುಗೆ ಕೋಣೆಯ ಬೀಗದ ಕೈಯೂ ಸಿಕ್ಕಿದ ಹಾಗೆ. ಪಾಠವನ್ನು ನಕಲು ಮಾಡಬಹುದು, ಹಂಚಬಹುದು, ಬದಲಾಯಿಸಬಹುದು. ಮೂಲದಲ್ಲಿ ಬರೆದವರ ಹೆಸರು ಹೇಳಬೇಕು, ಬದಲಾಯಿಸಿದ್ದನ್ನು ಮುಂದಿನವರಿಗೂ ಹಾಗೆಯೇ ಬಿಟ್ಟುಕೊಡಬೇಕು, ಇವಿಷ್ಟೇ ಕರಾರು. ಯುನೆಸ್ಕೋ ಈ ಹೆಸರನ್ನು ಚಾಲ್ತಿಗೆ ತಂದದ್ದು 2002ರಲ್ಲಿ. 2019ರಲ್ಲಿ ಸದಸ್ಯ ದೇಶಗಳಿಗೆಲ್ಲ ಇದನ್ನು ಬೆಳೆಸಿ ಎಂದು ಶಿಫಾರಸನ್ನೂ ಮಾಡಿತು.

ನಕಲು ಮಾಡುವುದರಲ್ಲಿ ಎಂಥ ಕಾನೂನು ಎನ್ನುವ ಜೆರಾಕ್ಸ್ ಅಂಗಡಿಯವರು ದಿಲ್ಲಿಯ ಒಂದು ಮೊಕದ್ದಮೆ ನೆನಪಿಡಬೇಕು. ದಿಲ್ಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಫೋಟೋಕಾಪಿ ಎಂಬ ಸಣ್ಣ ಅಂಗಡಿಯ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂಥ ದೊಡ್ಡ ಪ್ರಕಾಶಕರು ದಾವೆ ಹೂಡಿದರು. ವಿದ್ಯಾರ್ಥಿಗಳಿಗೆ ಬೇಕಾದ ಪುಟಗಳನ್ನು ಪುಸ್ತಕಗಳಿಂದ ಜೆರಾಕ್ಸ್ ಮಾಡಿ ಕಟ್ಟು ಕಟ್ಟಿ ಮಾರಿದ್ದೇ ತಪ್ಪು ಎಂದು. 2016ರ ಸೆಪ್ಟೆಂಬರಿನಲ್ಲಿ ದಿಲ್ಲಿ ಹೈಕೋರ್ಟು, ಪಾಠಕ್ಕೆಂದು ಮಾಡುವ ನಕಲಿಗೆ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲೇ ಅವಕಾಶ ಉಂಟು ಎಂದಿತು. ಮೇಲ್ಮನವಿಯಲ್ಲೂ ಆ ಮಾತು ನಿಂತಿತು. 2017ರಲ್ಲಿ ಪ್ರಕಾಶಕರು ದಾವೆ ವಾಪಸು ತೆಗೆದುಕೊಂಡರು. ಜೆರಾಕ್ಸ್ ಅಂಗಡಿ ಗೆದ್ದಿತು. ಸರಿ, ಆದರೆ ಆ ತೀರ್ಪು ಕ್ಲಾಸಿನ ಪಾಠಕ್ಕಷ್ಟೇ. ಪುಸ್ತಕವನ್ನು ತಿದ್ದಿ ಊರಿಗೆ ಹಂಚುವ ಹಕ್ಕು ಅದರಿಂದ ಬಾರದು.

ನಮ್ಮ ಮನೆ ಬಾಗಿಲಿನ ಉದಾಹರಣೆಯನ್ನೇ ನೋಡಿ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಎಂಬ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ ತಂದರು. ಹಳ್ಳಿ ಶಾಲೆಯ ಮಗುವಿಗೂ ಜಗತ್ತು ಕನ್ನಡದಲ್ಲೇ ಸಿಗಬೇಕೆಂಬ ಹಟ ಅದು. ಅವರು ತೀರಿಕೊಂಡದ್ದು 1997ರ ಡಿಸೆಂಬರಿನಲ್ಲಿ. ಲೇಖಕ ತೀರಿಕೊಂಡ ಮೇಲೆ ಅರವತ್ತು ವರ್ಷ ಹಕ್ಕು ಮನೆಯವರದ್ದು ಎನ್ನುತ್ತದೆ ಕಾನೂನು. ಅಂದರೆ 2057 ಮುಗಿಯುವವರೆಗೆ ಕೋಟದ ಶಾಲೆಯ ಟೀಚರು ಅದರ ಒಂದು ಅಧ್ಯಾಯವನ್ನು ಇಂದಿನ ವಿಜ್ಞಾನಕ್ಕೆ ತಕ್ಕಂತೆ ತಿದ್ದಿ ಅಚ್ಚು ಹಾಕಿ ಊರಿಗೆ ಹಂಚಬೇಕೆಂದಿದ್ದರೆ ಅನುಮತಿ ಕೇಳಬೇಕು. ಇದರಲ್ಲಿ ಯಾರ ತಪ್ಪೂ ಇಲ್ಲ, ಕಾನೂನೇ ಹಾಗೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಮಕ್ಕಳ ಪದ್ಯಗಳಿಗೆ ಈ ಕಟ್ಟು ಈಗ ಇಲ್ಲ. ಬದುಕಿರುವಾಗಲೇ ‘ತೆಗೆದುಕೊಳ್ಳಿ, ತಿದ್ದಿ’ ಎಂದು ಬರೆದುಕೊಟ್ಟ ಮಾಸ್ತರುಗಳ ಪಾಠಕ್ಕೆ ಬೆಲೆ ಬರುವುದು ಇಲ್ಲಿಯೇ.

‘ನಮ್ಮ ಜಿಲ್ಲೆಗೆ ಇದೆಲ್ಲ ಎಂತಕ್ಕೆ? ನಾವು ಫಸ್ಟಲ್ದಾ?’ ಎಂದು ಬಸ್ಸಿನಲ್ಲಿ ಕೇಳುವವರಿದ್ದಾರೆ. ಹೌದು, 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಜಿಲ್ಲೆ ಶೇಕಡಾ 94 ಫಲಿತಾಂಶದಿಂದ ರಾಜ್ಯಕ್ಕೇ ಮೊದಲು ಬಂತು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಆ ಅಂಕಿ ಹತ್ತನೇ ಕ್ಲಾಸಿನ ಬಾಗಿಲಲ್ಲಿ ನಿಂತು ಎಣಿಸಿದ್ದು. ಹಳ್ಳಿಹೊಳೆ, ಅಮಾಸೆಬೈಲು, ಜಡ್ಕಲ್, ಮುದೂರಿನಂಥ ಘಟ್ಟದ ಬುಡದ ಊರುಗಳಲ್ಲಿ ಒಂದನೇ ಕ್ಲಾಸಿಗೆ ಎಷ್ಟು ಮಕ್ಕಳು ಸೇರಿದರು ಎನ್ನುವುದು ಆ ಪಟ್ಟಿಯಲ್ಲಿ ಬರುವುದಿಲ್ಲ.

ಬೆಳಿಗ್ಗೆ ಎಂಟು ಗಂಟೆಗೆ ಹೈವೇಯಲ್ಲಿ ನಿಂತು ನೋಡಿದರೆ ಸಾಕು. ಹಳದಿ ವ್ಯಾನು, ಹಳದಿ ಬಸ್ಸು ಒಂದರ ಹಿಂದೆ ಒಂದು ಪೇಟೆ ಕಡೆಗೆ. ಊರ ಶಾಲೆಯ ಅಂಗಳದಲ್ಲಿ ಹತ್ತೋ ಹದಿನೈದೋ ಮಕ್ಕಳು. ‘ಹತ್ ಮಕ್ಕಳ್ ಇಪ್ಪು ಶಾಲಿಗ್ ಹಾಕಿ ಎಂತ ಮಾಡೂದ್ ಮಾರಾಯ್ರೆ’ ಎನ್ನುವ ತಂದೆತಾಯಿಯನ್ನು ಬೈದು ಪ್ರಯೋಜನ ಇಲ್ಲ. ಅವರು ಮಗುವಿನ ಹಿತವನ್ನೇ ನೋಡುವವರು. ಮಕ್ಕಳು ಕಡಿಮೆಯಾದರೆ ಮಾಸ್ತರು ಕಡಿಮೆ. ಶಿಕ್ಷಣ ಹಕ್ಕು ಕಾಯಿದೆಯ ಲೆಕ್ಕದಲ್ಲಿ ಒಂದರಿಂದ ಐದರವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ಕ್ಲಾಸು ಐದು, ಮಾಸ್ತರು ಇಬ್ಬರು. ಒಬ್ಬರು ಮೀಟಿಂಗಿಗೆ ಹೋದರೆ ಒಬ್ಬರೇ. ಒಂದು ಕ್ಲಾಸಿಗೆ ಪಾಠ ಹೇಳುವಾಗ ಉಳಿದ ನಾಲ್ಕು ಕ್ಲಾಸಿನ ಮಕ್ಕಳ ಕೈಯಲ್ಲಿ ಏನಿರಬೇಕು? ಆ ಜೆರಾಕ್ಸ್ ಹಾಳೆ ಇರಬೇಕು. ಬಡ ಶಾಲೆಗೆ ಮುಕ್ತ ಪಾಠ ಬೇಕಾದದ್ದು ಇದಕ್ಕೆ, ಗೋಡೆಗೆ ಟಿ.ವಿ. ಹಾಕಿ ಫೋಟೋ ತೆಗೆಯಲಿಕ್ಕಲ್ಲ.

ಈ ಕಷ್ಟಕ್ಕೆ ಕನ್ನಡ ನಾಡಿನಲ್ಲೇ ಒಂದು ಉಪಾಯ ಹುಟ್ಟಿತ್ತು, ಇಂಟರ್ನೆಟ್ಟು ಹಳ್ಳಿಗೆ ಬರುವುದಕ್ಕೂ ಮೊದಲು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರಕಾರಿ ಶಿಕ್ಷಕರು ಆಂಧ್ರದ ಮದನಪಲ್ಲಿಯ ಹತ್ತಿರದ ಋಷಿ ವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ವೇಗದಲ್ಲಿ ತಾವೇ ಕಲಿಯುವುದನ್ನು ನೋಡಿ ಬಂದರು. ಹಾಗೆಯೇ ನಕಲು ಮಾಡಲಿಲ್ಲ. ಕನ್ನಡಕ್ಕೆ, ತಮ್ಮ ಕಾಡಂಚಿನ ಮಕ್ಕಳಿಗೆ ಹೊಂದುವಂತೆ ಬದಲಾಯಿಸಿ ಹೊಸ ಕಾರ್ಡು ಮಾಡಿದರು. ಅದೇ ನಲಿ-ಕಲಿ. 2009ರ ಹೊತ್ತಿಗೆ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಕಲಿಯುವುದು ಇದರಿಂದಲೇ ಸಾಧ್ಯವಾದದ್ದು. ಒಬ್ಬರ ಪಾಠ ಇನ್ನೊಬ್ಬರು ಎತ್ತಿಕೊಂಡು ತಮ್ಮ ಊರಿಗೆ ತಿದ್ದಿಕೊಂಡದ್ದು, ಅಷ್ಟೇ. ನಾಲ್ಕನೇ ಕ್ಲಾಸಿಗೆ ಬಂದಾಗ ಮಾತ್ರ ಕಾರ್ಡು ಮುಗಿಯುತ್ತದೆ, ಪುಸ್ತಕ ಶುರುವಾಗುತ್ತದೆ. ಸಣ್ಣ ಶಾಲೆಯ ಮಾಸ್ತರಿಗೆ ಕೈ ಕಟ್ಟುವುದು ಅಲ್ಲಿಂದ.

ಇನ್ನು ಪಾಠದ ಒಳಗಿನ ವಿಷಯ. ಗಂಗೊಳ್ಳಿಯ ಹತ್ತಿರ ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಕೇದಕ ಐದು ಹೊಳೆಗಳು ಕೂಡಿ ಸಮುದ್ರ ಸೇರುತ್ತವೆ. ನದೀಮುಖದ ಪಾಠಕ್ಕೆ ಬೇರೆ ಚಿತ್ರ ಏಕೆ? ಹೊಸಂಗಡಿಯಲ್ಲಿ ನೆಲದ ಅಡಿಯಲ್ಲಿ 460 ಮೆಗಾವಾಟಿನ ವಾರಾಹಿ ವಿದ್ಯುದಾಗಾರ ಉಂಟು; ಪಕ್ಕದ ಶಾಲೆಯ ಮಗು ಜಲವಿದ್ಯುತ್ತಿನ ಪಾಠವನ್ನು ಎಲ್ಲಿಯದೋ ಅಣೆಕಟ್ಟಿನ ಚಿತ್ರ ನೋಡಿ ಬಾಯಿಪಾಠ ಮಾಡುತ್ತದೆ. ಬಸ್ಸಿನ ಟೈಮ್ ಟೇಬಲು, ಮೀನಿನ ಹರಾಜು, ಕುಂದಾಪುರದ ಹೆಂಚು, ಎಲ್ಲವೂ ಲೆಕ್ಕದ ಪಾಠವೇ. ಭಾಷೆಯೂ ಹಾಗೆಯೇ. ಮನೆಯಲ್ಲಿ ಕುಂದಾಪ್ರ ಕನ್ನಡ, ಬ್ರಹ್ಮಾವರದ ಕಡೆ ತುಳು, ಕರಾವಳಿಯುದ್ದಕ್ಕೆ ಕೊಂಕಣಿ, ಶಿರೂರಿನಲ್ಲಿ ನವಾಯತಿ. ಪುಸ್ತಕದ ಕನ್ನಡ ಮಗುವಿಗೆ ಅರ್ಧ ಹೊಸ ಭಾಷೆ. 2019ರಿಂದ ಸರಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಶುರುವಾದವು. ಅಲ್ಲಿ ಎರಡು ಭಾಷೆಯ ಹಾಳೆ ಬೇಕು. ಬೆಂಗಳೂರಿನವರು ಇದನ್ನೆಲ್ಲ ಬರೆದು ಕಳಿಸುತ್ತಾರೆಂದು ಕಾದರೆ ಕಾದದ್ದೇ ಬಂತು. ತಿದ್ದುವ ಹಕ್ಕು ಕೈಯಲ್ಲುಂಟು. ತಿದ್ದುವ ಪುರುಸೊತ್ತು ಇಲ್ಲ.

ಪುರುಸೊತ್ತಿನ ಮಾತು ತಮಾಷೆಯದ್ದಲ್ಲ. ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ, ಅಕ್ಕಿಯ ಲೆಕ್ಕ, ಮತದಾರರ ಪಟ್ಟಿ. 2025ರ ಸೆಪ್ಟೆಂಬರಿನಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಹೊರಟದ್ದೂ ಇವರೇ. ಅದು ಮುಗಿಯಲಿಲ್ಲವೆಂದು ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದೂಡಬೇಕಾಯಿತು. ಸಮೀಕ್ಷೆ ಬೇಡವೆಂದಲ್ಲ. ಮನೆ ಮನೆ ಹತ್ತಿ ಇಳಿದು ಬಂದವರಿಗೆ ರಾತ್ರಿ ಕೂತು ಹೊಸ ಪಾಠ ಬರೆಯಿರಿ ಎನ್ನಲಿಕ್ಕೆ ಬಾಯಿ ಬರಬೇಕಲ್ಲ!

ಮತ್ತೆ ನೆಟ್‌ವರ್ಕು. ಪಾಠ ಮೊಬೈಲಿನಲ್ಲಿದೆ ಎನ್ನುತ್ತಾರೆ. ಮಳೆಗಾಲದಲ್ಲಿ ಕರೆಂಟು ಹೋಯಿತೆಂದರೆ ಘಟ್ಟದ ಬುಡದಲ್ಲಿ ಟವರೂ ಮಲಗುತ್ತದೆ. ಕಾಗದ ಮಲಗುವುದಿಲ್ಲ. ಕಾಗದದ ಲೆಕ್ಕವನ್ನೇ ಹಾಕಿ ನೋಡಿ: 20 ಮಕ್ಕಳ ಶಾಲೆ, ಮಗುವಿಗೆ ದಿನಕ್ಕೆ ಒಂದೇ ಹಾಳೆ, ಕಾಯಿದೆ ಹೇಳುವ 200 ದಿನ. 4,000 ಹಾಳೆ. ಹಾಳೆಗೆ 2 ರೂಪಾಯಿಯಂತೆ 8,000 ರೂಪಾಯಿ. 30 ಮಕ್ಕಳವರೆಗಿನ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವರ್ಷಕ್ಕೆ ಬರುವ ಅನುದಾನ 10,000. ಚಾಕ್‌ಪೀಸು, ರಿಜಿಸ್ಟರು, ಶೌಚಾಲಯ ತೊಳೆಯುವ ಖರ್ಚು ಎಲ್ಲ ಅದರಲ್ಲೇ ಆಗಬೇಕು. ಆಗುತ್ತದೆಯೇ? ಅಂಗಡಿ ಇಟ್ಟವರಿಗೆ ಹೇಳಬೇಕಾಗಿಲ್ಲ.

ಆದರೆ ಲೆಕ್ಕವನ್ನು ಇನ್ನೊಂದು ರೀತಿ ಹಾಕಬಹುದು. ನಲಿ-ಕಲಿಯ ಕಾರ್ಡು ಒಂದು ಮಗು ಬಳಸಿ ಇಟ್ಟ ಮೇಲೆ ಇನ್ನೊಂದು ಮಗು ಎತ್ತಿಕೊಳ್ಳುತ್ತದೆ. ಹಾಳೆಯ ಬದಲು ದಪ್ಪ ಕಾಗದದಲ್ಲಿ ಅಚ್ಚು ಹಾಕಿ ಲ್ಯಾಮಿನೇಶನ್ ಮಾಡಿಸಿದರೆ ನಾಲ್ಕೈದು ವರ್ಷ ಬಾಳುತ್ತದೆ. ಉತ್ತರ ಸ್ಲೇಟಿನಲ್ಲಿ ಬರೆಯಲಿ. ಶಾಲೆಗೊಂದು ಬೇಡ, ಕ್ಲಸ್ಟರಿಗೊಂದು ಒಳ್ಳೆಯ ಪ್ರಿಂಟರು ಸಾಕು. ಹತ್ತಾರು ಶಾಲೆ ಹಂಚಿಕೊಂಡರಾಯಿತು. ಬೈಂದೂರು, ಬ್ರಹ್ಮಾವರ ತಾಲೂಕಾದದ್ದು 2018ರಲ್ಲಾದರೂ ಶಿಕ್ಷಣ ಇಲಾಖೆಗೆ ಅವು ಅದಕ್ಕೂ ಎಷ್ಟೋ ಮೊದಲೇ ಬೇರೆ ವಲಯಗಳು. ಕಚೇರಿ ಉಂಟು, ಸಂಪನ್ಮೂಲ ಕೇಂದ್ರ ಉಂಟು, ಕ್ಲಸ್ಟರಿನ ಸಭೆಯೂ ಉಂಟು. ಆ ಸಭೆಯಲ್ಲಿ ಸುತ್ತೋಲೆ ಓದುವ ಹೊತ್ತಿನಲ್ಲಿ ಅರ್ಧವನ್ನು ಪಾಠ ತಿದ್ದಲಿಕ್ಕೆ ಬಿಟ್ಟರೆ ತಿಂಗಳಿಗೆ ನಾಲ್ಕು ಕಾರ್ಡಾದರೂ ತಯಾರಾಗದೇ? ಅದಕ್ಕೆ ಮಾಡಿದವರ ಹೆಸರು ಹಾಕಲಿ, ಅದು ಅವರ ಸೇವಾ ದಾಖಲೆಗೂ ಸೇರಲಿ. ಈಗ ಒಳ್ಳೆಯ ಪಾಠ ಮಾಡಿದವರಿಗೂ ಮಾಡದವರಿಗೂ ಸಿಗುವುದು ಅದೇ ಸುತ್ತೋಲೆ.

ದುಡ್ಡಿಗೆ ಈ ಕಡೆ ಬರಗಾಲ ಇಲ್ಲ ಎನ್ನುವುದೂ ನಿಜ. ಬೆಂಗಳೂರು, ಮುಂಬಯಿಯಲ್ಲಿ ಹೋಟೆಲು ನಡೆಸುವ ನಮ್ಮೂರಿನವರು ಊರ ಶಾಲೆಯನ್ನು ಮರೆತವರಲ್ಲ. ಶತಮಾನೋತ್ಸವಕ್ಕೆ ರಂಗಮಂದಿರ, ಮಹಾದ್ವಾರ, ಗೋಡೆಗೆ ಬಣ್ಣ, ಕೊನೆಗೆ ಒಂದು ಯಕ್ಷಗಾನ. ದ್ವಾರದ ಮೇಲೆ ತಂದೆತಾಯಿಯ ಹೆಸರು ಕೆತ್ತಿಸಬಹುದು. ನಾಲ್ಕನೇ ಕ್ಲಾಸಿನ ಭಾಗಾಕಾರದ ಕಾರ್ಡಿನಲ್ಲಿ ಯಾರ ಹೆಸರು ಹಾಕುವುದು? ಹಾಕಬಹುದು ಎಂದು ಹೇಳುವವರು ಇಲ್ಲ, ಹಾಗಾಗಿ ಕೇಳುವವರೂ ಇಲ್ಲ. ಹಳೆ ವಿದ್ಯಾರ್ಥಿ ಸಂಘದವರು ಮುಂದಿನ ಸಲ ರಶೀದಿ ಪುಸ್ತಕ ಹಿಡಿದು ಹೊರಟಾಗ ‘ಮೂಲೆಯಲ್ಲಿ ನಿಮ್ಮ ಅಮ್ಮನ ಹೆಸರು ಅಚ್ಚಾಗುತ್ತದೆ’ ಎಂದು ಒಂದು ಮಾತು ಹೇಳಿ ನೋಡಲಿ.

ಉಳಿದದ್ದು ಸಾಗಾಟ. ಕುಂದಾಪುರದಿಂದ ಅಮಾಸೆಬೈಲಿಗೆ, ಬೈಂದೂರಿನಿಂದ ಕೊಲ್ಲೂರಿಗೆ, ಬ್ರಹ್ಮಾವರದಿಂದ ಕೊಕ್ಕರ್ಣೆಗೆ ಹೋಗುವ ಬಸ್ಸುಗಳಲ್ಲಿ ಔಷಧ, ಪಂಪಿನ ಬಿಡಿಭಾಗ, ಮದುವೆ ಕಾಗದ ಎಲ್ಲ ಕಂಡಕ್ಟರರ ಕೈಯಲ್ಲಿ ಹೋಗುತ್ತವೆ. ಕಾರ್ಡಿನ ಕಟ್ಟು ಹೋಗಲಿಕ್ಕೆ ಅಡ್ಡಿ ಇಲ್ಲ. ಶಾಲೆ ತೆರೆಯುವುದು ಮೇ ಕೊನೆಗೆ. ಕ್ಲಸ್ಟರಿಗೊಂದು ಪ್ರಿಂಟರು ಬೇಕೆಂಬ ಬೇಡಿಕೆ ಅದಕ್ಕೂ ಮುಂಚಿನ ಗ್ರಾಮಸಭೆಯಲ್ಲಿ ಶಾಲಾಭಿವೃದ್ಧಿ ಸಮಿತಿಯ ಅರ್ಜಿಯಾಗಿ ಬರಬೇಕು, ರಸ್ತೆ ಮತ್ತು ಚರಂಡಿಯ ಅರ್ಜಿಗಳ ಜೊತೆಗೆ, ಅದೇ ಮೇಜಿನ ಮೇಲೆ.